ಕಟ್ಟುವ ಕೈ, ಬಿಚ್ಚುವ ಕೈ

ಮದುವೆಗೆ ಹೊರಟಾಗ ಚೀಲಕ್ಕೆ ಏನು ಹಾಕಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಧರ್ಮಸ್ಥಳಕ್ಕೆ ಹೊರಟರೂ ಅಷ್ಟೆ. ಕೈ ತಾನಾಗಿ ಬೀರುವಿನ ಕಡೆ ಹೋಗುತ್ತದೆ. ಆದರೆ "ಬುಧವಾರ ಬಂದು ಅಡ್ಮಿಟ್ ಆಗಿ, ಗುರುವಾರ ಆಪರೇಷನ್" ಎಂದು ಡಾಕ್ಟರು ಹೇಳಿದರೆಂದರೆ ಅದೇ ಕೈಗೆ ದಿಕ್ಕು ತೋಚುವುದಿಲ್ಲ. ಬೀರು ತೆರೆದು ನಿಂತೇ ಇರುತ್ತೇವೆ. ಕೊನೆಗೆ ಒಂದು ಒಳ್ಳೆಯ ಸೀರೆ, ಒಂದು ಟವೆಲ್, ಒಂದು ದೇವರ ಫೋಟೊ ತುಂಬಿಕೊಂಡು ಬಸ್ಸು ಹತ್ತುತ್ತೇವೆ. ಮೊದಲ ಸಲ ನಾನೂ ಹಾಗೆಯೇ ಹೊರಟವಳು.

ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಆದರೆ ನಮ್ಮ ಮನೆಯಲ್ಲಿ ಯಾರಿಗೆ ಆಪರೇಷನ್ ಆದರೂ ಜೊತೆಗೆ ಉಳಿಯುವವಳು ನಾನೇ ಎಂದು ಅದು ಹೇಗೋ ತೀರ್ಮಾನವಾಗಿಬಿಟ್ಟಿದೆ. ಮಾವನವರ ಸೊಂಟದ ಮೂಳೆ, ನಮ್ಮಮ್ಮನ ಮಂಡಿ, ನಮ್ಮವರ ಹರ್ನಿಯಾ, ಅತ್ತಿಗೆಯ ಗರ್ಭಕೋಶ. ನಡುವೆ ಒಮ್ಮೆ ನನ್ನದೇ ಪಿತ್ತಕೋಶ. ಅಂದರೆ 20 ವರ್ಷಗಳಲ್ಲಿ 5 ಸಲ ಆಸ್ಪತ್ರೆಯ ಚೀಲ ಕಟ್ಟಿದ್ದೇನೆ. ಮೊದಲಿನ 2 ಸಲ ತಪ್ಪು ತಪ್ಪಾಗಿ ಕಟ್ಟಿದೆ. ಇವತ್ತು ನಿಮ್ಮ ಮುಂದೆ ಆ ಚೀಲವನ್ನೇ ಬಿಚ್ಚಿಡುತ್ತೇನೆ.

ಐದು ಸಲದ ಓಡಾಟದಲ್ಲಿ ನನಗೆ ತಿಳಿದದ್ದು ಒಂದೇ ಮಾತು. ಉಳಿದೆಲ್ಲ ಅದರ ಕೊಂಬೆ ರೆಂಬೆ. ಆಸ್ಪತ್ರೆಯ ಚೀಲವನ್ನು ಕಟ್ಟುವ ಕೈ ಬೇರೆ, ಬಿಚ್ಚುವ ಕೈ ಬೇರೆ. ಪ್ರವಾಸದ ಚೀಲವನ್ನು ನೀವೇ ಕಟ್ಟುತ್ತೀರಿ, ನೀವೇ ಬಿಚ್ಚುತ್ತೀರಿ. ಕತ್ತಲಲ್ಲಿ ಕೈ ಹಾಕಿದರೂ ಬಾಚಣಿಗೆ ಸಿಗುತ್ತದೆ. ಆಪರೇಷನ್ ಆದ ಮೇಲೆ ನಿಮ್ಮ ಒಂದು ಕೈಯಲ್ಲಿ ಸಲೈನ್ ಇರುತ್ತದೆ. ಕಣ್ಣು ತೂಗುತ್ತಿರುತ್ತದೆ. ಬಗ್ಗುವಂತಿಲ್ಲ. ಚೀಲಕ್ಕೆ ಕೈ ಹಾಕುವವರು ಮಗ, ಸೊಸೆ, ತಂಗಿ. ಅಥವಾ ರಾತ್ರಿ 2 ಗಂಟೆಗೆ ಬಂದ ನರ್ಸು. ಅವರಿಗೆ ಸಿಗುವ ಹಾಗೆ ಕಟ್ಟಬೇಕು.

ಅದಕ್ಕೇ ನನಗೆ ಚಕ್ರದ ಸೂಟ್‌ಕೇಸ್ ಕಂಡರೆ ಆಗುವುದಿಲ್ಲ. ಮಂಚದ ಪಕ್ಕದ ಜಾಗ ಎರಡು ಮೊಳ. ಅಲ್ಲಿ ಸಲೈನ್ ಸ್ಟ್ಯಾಂಡು, ಒಂದು ಸ್ಟೂಲು, ಕೆಳಗೆ ಬೆಡ್‌ಪ್ಯಾನು. ಸೂಟ್‌ಕೇಸನ್ನು ಮಲಗಿಸಿ ಬಾಯಿ ತೆರೆಯಬೇಕಾದರೆ ಪಕ್ಕದ ಮಂಚದವರನ್ನು ಎಬ್ಬಿಸಬೇಕು. ನಮ್ಮ ಹಳೆಯ ವೈರ್ ಬುಟ್ಟಿಯೇ ವಾಸಿ. ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದದ್ದು, ಗಟ್ಟಿ ಹಿಡಿ, ಅಗಲ ಬಾಯಿ, ನೀರು ಚೆಲ್ಲಿದರೆ ಕೆಳಗಿಂದ ಸೋರಿ ಹೋಗುತ್ತದೆ. ಮೇಲಿನಿಂದ ನೋಡಿದರೆ ಒಳಗಿರುವುದೆಲ್ಲ ಕಾಣುತ್ತದೆ. ಬಟ್ಟೆಗೆ ಬೇರೆ ಒಂದು ಕೈಚೀಲ. ಕಾಗದಕ್ಕೆ ಮತ್ತೊಂದು, ಹೆಗಲಿಗೆ ಹಾಕುವಂಥದ್ದು. ಆ ಮೂರನೆಯದು ನೆಲ ಮುಟ್ಟಬಾರದು, ಜೊತೆಗಿರುವವರ ಹೆಗಲನ್ನೂ ಬಿಡಬಾರದು.

ಮೊದಲು ಆ ಕಾಗದದ ಚೀಲದ ವಿಷಯ ಮುಗಿಸಿಬಿಡುತ್ತೇನೆ. ಬೇಸರದ ಸಂಗತಿ, ಆದರೆ ಬಾಗಿಲಲ್ಲೇ ಕೇಳುವುದು ಅದನ್ನೇ.

ಆಧಾರ್, ರೇಷನ್ ಕಾರ್ಡು, ಎರಡರದೂ ನಾಲ್ಕು ನಾಲ್ಕು ಜೆರಾಕ್ಸ್. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಖಾಸಗಿ ಆಸ್ಪತ್ರೆಗೆ ಹೋಗುವಾಗ, ತುರ್ತು ಅಲ್ಲದಿದ್ದರೆ, ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು ಎಂಬುದನ್ನು ಮಾತ್ರ ಮರೆಯುತ್ತೇವೆ. ಕಾರ್ಡು ಜೇಬಿನಲ್ಲಿ, ಪತ್ರ ಊರಿನಲ್ಲಿ. ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ಕಾರ್ಡು. ಬೇರೆ ವಿಮೆ ಇದ್ದರೆ ಅದರ ಕಾಗದ. ಕೌಂಟರಿನಲ್ಲಿ ಏನೇನು ಬೇಕೆಂದು ಅಡ್ಮಿಟ್ ಆಗುವುದಕ್ಕೆ ಒಂದು ವಾರ ಮೊದಲೇ ಕೇಳಿ ಬರೆದುಕೊಂಡು ಬನ್ನಿ.

ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಹೊಸದು ಮೇಲೆ. ಎಕ್ಸ್‌ರೇ, ಸ್ಕ್ಯಾನು ಮಡಿಸಬೇಡಿ. ಇನ್ನೊಂದು ಹಾಳೆ ನೀವೇ ಬರೆಯಬೇಕು. ಅದರಲ್ಲಿ ನೀವು ದಿನಾ ನುಂಗುವ ಮಾತ್ರೆಗಳ ಹೆಸರು, ಎಷ್ಟು, ಯಾವ ಹೊತ್ತಿಗೆ. ಯಾವ ಔಷಧಿ ನಿಮಗೆ ಒಗ್ಗುವುದಿಲ್ಲ. ಹಿಂದೆ ಯಾವ ಆಪರೇಷನ್ ಆಗಿದೆ. ಕೆಳಗೆ ನಾಲ್ಕು ಜನರ ಫೋನ್ ನಂಬರು. ಫೋನಿನಲ್ಲೇ ಇದೆಯಲ್ಲ ಎನ್ನಬೇಡಿ. ನಮ್ಮವರು ಹರ್ನಿಯಾ ಆಪರೇಷನ್ನಿಗೆ ಒಳಗೆ ಹೋದ ಮೇಲೆ ಔಷಧಿಯ ಚೀಟಿ ಬಂತು. ದುಡ್ಡು ಅವರ ಫೋನಿನಲ್ಲಿತ್ತು. ಫೋನು ನನ್ನ ಕೈಯಲ್ಲಿತ್ತು. ಅದನ್ನು ತೆರೆಯುವ ನಾಲ್ಕು ಅಂಕಿ ಮಾತ್ರ ಅವರ ತಲೆಯಲ್ಲಿತ್ತು, ತಲೆ ಅರಿವಳಿಕೆಯಲ್ಲಿತ್ತು. ಮೂವತ್ತು ವರ್ಷ ಸಂಸಾರ ಮಾಡಿದವಳು ಮದುವೆಯ ತಾರೀಖು ಒತ್ತಿ ನೋಡಿದೆ, ಮಗನ ಹುಟ್ಟಿದ ದಿನ ಒತ್ತಿ ನೋಡಿದೆ. ತೆರೆಯಲಿಲ್ಲ. ಆಮೇಲೆ ತಿಳಿಯಿತು, ಅದು ನಮ್ಮ ಹಳೆಯ ಸ್ಕೂಟರಿನ ನಂಬರು. ಆವತ್ತಿನಿಂದ ಕಾಗದದ ಚೀಲದಲ್ಲಿ ಹತ್ತು, ಇಪ್ಪತ್ತು, ನೂರರ ನೋಟುಗಳು ಸ್ವಲ್ಪ ಇದ್ದೇ ಇರುತ್ತವೆ.

ಮಾತ್ರೆಗಳ ಬಗ್ಗೆ ಇನ್ನೊಂದು ಮಾತು. ಬಿಡಿ ಮಾತ್ರೆಗಳನ್ನು ಡಬ್ಬಿಗೆ ಸುರಿದು ತರಬೇಡಿ. ಹೆಸರು ಕಾಣುವ ಹಾಗೆ ಸ್ಟ್ರಿಪ್ಪಿನಲ್ಲೇ ತನ್ನಿ. ರಕ್ತ ತೆಳುವಾಗುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಮನೆಯಲ್ಲಿ ಕುಡಿಯುವ ಕಷಾಯ, ನಾಟಿ ಔಷಧಿ, ಎಲ್ಲವನ್ನೂ ಮೊದಲೇ ಡಾಕ್ಟರಿಗೆ ಹೇಳಿ. ಯಾವುದನ್ನು ಎಂದಿನಿಂದ ನಿಲ್ಲಿಸಬೇಕು ಎಂದು ಹೇಳುವವರು ಅವರು. ಅಡ್ಮಿಟ್ ಆದ ಮೇಲೆ ಸ್ಟ್ರಿಪ್ಪುಗಳನ್ನು ನರ್ಸಿಗೆ ತೋರಿಸಿ. ಅವರು ಕೊಡುವ ಬಿಪಿ ಮಾತ್ರೆಯ ಮೇಲೆ ನೀವು ನಿಮ್ಮದೂ ಒಂದು ನುಂಗಿದರೆ ಎರಡಾಗುತ್ತದೆ.

ಚೀಲ ಯಾವುದು ಎಂದಾಯಿತು, ಕಾಗದ ಏನೇನು ಎಂದಾಯಿತು. ಈಗ ಮೈಮೇಲೆ ಇರುವುದನ್ನು ತೆಗೆಯುವ ಮಾತು. ಏಕೆಂದರೆ ಆಸ್ಪತ್ರೆಗೆ ಏನು ಒಯ್ಯಬೇಕು ಎನ್ನುವುದಕ್ಕಿಂತ ಮೊದಲು ಏನನ್ನು ಮನೆಯಲ್ಲೇ ಕಳಚಬೇಕು ಎಂಬುದಿದೆ.

ಆಪರೇಷನ್ ಕೋಣೆಗೆ ಒಯ್ಯುವ ಮೊದಲು ನರ್ಸು ಬಂದು ಬಳೆ, ಸರ, ಓಲೆ, ಮೂಗುಬೊಟ್ಟು, ಕಾಲುಂಗುರ ಎಲ್ಲ ತೆಗೆಯಿರಿ ಎನ್ನುತ್ತಾರೆ. ಅವರಿಗೇನೂ ನಿಮ್ಮ ಮುತ್ತೈದೆತನದ ಮೇಲೆ ಸಿಟ್ಟಿಲ್ಲ. ಆಪರೇಷನ್ನಿನಲ್ಲಿ ರಕ್ತ ನಿಲ್ಲಿಸಲು ವಿದ್ಯುತ್ತಿನ ಉಪಕರಣ ಬಳಸುತ್ತಾರೆ. ಮೈಮೇಲಿನ ಲೋಹ ಇದ್ದಲ್ಲಿ ಚರ್ಮ ಸುಡುವ ಅಪಾಯ ಇದೆ. ಬೆರಳು ಊದಿದರೆ ಉಂಗುರ ಬಿಗಿಯುತ್ತದೆ. ಉಗುರಿನ ಬಣ್ಣ, ಮದರಂಗಿ ಇದ್ದರೆ ಬೆರಳಿಗೆ ಕ್ಲಿಪ್ಪು ಹಾಕಿ ಆಮ್ಲಜನಕ ಅಳೆಯುವ ಯಂತ್ರ ತಪ್ಪು ಲೆಕ್ಕ ತೋರಿಸಬಹುದು. ಹಾಗಾಗಿ ಮನೆಯಲ್ಲಿ ಮದುವೆ ಇದ್ದು, ಮುಂದಿನ ವಾರ ಆಪರೇಷನ್ ಇದ್ದರೆ ಬೆರಳ ತುದಿಗೆ ಮದರಂಗಿ ಬೇಡ.

ನಮ್ಮಮ್ಮ ಮೂಗುಬೊಟ್ಟು ತೆಗೆದು 50 ವರ್ಷ ಆಗಿತ್ತು. ತೆಗೆದೇ ಇರಲಿಲ್ಲ ಎನ್ನಬೇಕು. ಅದರ ತಿರುಪು ಚರ್ಮಕ್ಕೆ ಅಂಟಿಕೊಂಡು ಕೂತಿತ್ತು. ಆಪರೇಷನ್ನಿನ ದಿನ ಬೆಳಿಗ್ಗೆ 6 ಗಂಟೆಗೆ ಒಬ್ಬ ನರ್ಸು, ನಾನು, ಸೋಪಿನ ನೀರು, ಅಮ್ಮನ ಕಣ್ಣೀರು. ಅರ್ಧ ಗಂಟೆ ಹಿಡಿಯಿತು. ಮಂಡಿಯ ನೋವಿಗಿಂತ ಅದೇ ಹೆಚ್ಚು ನೋವಾಯಿತು ಎಂದು ಅಮ್ಮ ಈಗಲೂ ಹೇಳುತ್ತಾರೆ. ನಾಲ್ಕು ದಿನ ಮೊದಲೇ ಅಕ್ಕಸಾಲಿಯ ಹತ್ತಿರ ಕರೆದುಕೊಂಡು ಹೋಗಿದ್ದರೆ ಐದು ನಿಮಿಷದ ಕೆಲಸ. ಕಾಲುಂಗುರಕ್ಕೂ ಇದೇ ಮಾತು. ಚಿನ್ನ ಮನೆಯಲ್ಲೇ ಇರಲಿ. ತಾಳಿ ಬಿಟ್ಟು ಬರಲು ಮನಸ್ಸಾಗದಿದ್ದರೆ ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು ಬನ್ನಿ. ನಮ್ಮ ಕಡೆ ಹೆಂಗಸರು ಮಾಡಿಕೊಂಡ ಉಪಾಯ ಇದು. ಅದನ್ನೂ ತೆಗೆಯಿರಿ ಎಂದರೆ ಬಿಚ್ಚಿ ಪಕ್ಕದವರ ಕೈಗೆ ಕೊಟ್ಟರಾಯಿತು.

ಉದ್ದ ಕೂದಲಿದ್ದರೆ ಹಿಂದೆ ಒಂದು ಜಡೆ ಬೇಡ. ಎರಡು ಜಡೆ ಹಾಕಿ, ಶಾಲೆಗೆ ಹೋಗುವ ಹುಡುಗಿಯರ ಹಾಗೆ. ಎರಡು ದಿನ ಅಂಗಾತ ಮಲಗುವಾಗ ತಲೆಯ ಕೆಳಗೆ ಗಂಟು ಒತ್ತುವುದಿಲ್ಲ. ಲೋಹದ ಪಿನ್ನಿಲ್ಲದ ಬಟ್ಟೆಯ ಟೇಪು ಸಾಕು. ನಮ್ಮ ಅತ್ತಿಗೆಗೆ 58 ವರ್ಷ. ಎರಡು ಜಡೆ ಹಾಕಿಸಿಕೊಂಡು ಸ್ಟ್ರೆಚರ್ ಮೇಲೆ ಕೂತಾಗ, "ಏನೇ, ಏಳನೇ ಕ್ಲಾಸಿಗೆ ವಾಪಸ್ ಕಳಿಸ್ತಿದೀಯಾ ನನ್ನ?" ಎಂದು ಕೇಳಿ ನಕ್ಕರು. ಬೆಳಗಿನಿಂದ ಅವರು ನಕ್ಕದ್ದು ಅದೊಂದೇ ಸಲ.

ಕಳಚುವುದು ಇಷ್ಟಾಯಿತು. ಈಗ ಉಡುವುದು. ಇಲ್ಲಿಯೂ ನಮ್ಮ ಮಾತು ಅದೇ: ತೊಡುವವರು ನೀವು, ತೊಡಿಸುವವರು ಬೇರೆಯವರು.

ಒಂದು ಕೈಗೆ ಸಲೈನ್ ಹಾಕಿದ್ದಾರೆ ಎಂದುಕೊಳ್ಳಿ. ಸೂಜಿಯಿಂದ ಒಂದು ಉದ್ದ ನಳಿಕೆ, ಅದರ ತುದಿಗೆ ಬಾಟಲಿ. ಬೆವರಿ ಒದ್ದೆಯಾದ ನೈಟಿ ಬದಲಿಸಬೇಕು. ನೈಟಿ ತಲೆಯ ಮೇಲಿನಿಂದ ಹಾಕುವಂಥದ್ದು, ತೋಳು ಬಿಗಿ. ಏನು ಮಾಡುತ್ತೀರಿ? ಬಾಟಲಿಯನ್ನು ತೋಳಿನೊಳಗೆ ತೂರಿಸಿ, ನಳಿಕೆ ಎಳೆದು, ಆಮೇಲೆ ಕೈ ತೂರಿಸಬೇಕು. ಅಷ್ಟರಲ್ಲಿ ನಳಿಕೆಯಲ್ಲಿ ರಕ್ತ ಹಿಂದಕ್ಕೆ ಬಂದು ಕೆಂಪಗೆ ಕಾಣುತ್ತದೆ, ಎಲ್ಲರ ಎದೆ ಧಸಕ್ಕೆನ್ನುತ್ತದೆ. ಮುಂದೆ ಪೂರ್ತಿ ಗುಂಡಿ ಇರುವ, ತೋಳು ಅಗಲ ಇರುವ ಹತ್ತಿಯ ನೈಟಿ ಮೂರು ಇರಲಿ. ನರ್ಸನ್ನು ಕರೆದು ನಳಿಕೆ ಬಿಡಿಸಿಕೊಂಡೇ ಬದಲಿಸಿ.

ಹೊಟ್ಟೆಯ ಆಪರೇಷನ್ ಆದರೆ ಲಂಗದ ಲಾಡಿ ಶತ್ರು. ಹೊಲಿಗೆ ಇರುವ ಕಡೆಗೇ ಗಂಟು ಒತ್ತುತ್ತದೆ. ಪೈಜಾಮದ ಎಲಾಸ್ಟಿಕ್ಕೂ ಅಷ್ಟೆ. ಗಂಡಸರಿಗೆ ನಮ್ಮ ಲುಂಗಿ, ಪಂಚೆಗಿಂತ ಒಳ್ಳೆಯದು ಯಾವುದೂ ಇಲ್ಲ. ಸಡಿಲ ಬಿಡಬಹುದು, ಮೇಲೆ ಕಟ್ಟಬಹುದು, ಮೂತ್ರದ ನಳಿಕೆ ಇದ್ದರೂ ತೊಂದರೆಯಿಲ್ಲ, ಮಂಡಿಗೆ ಪಟ್ಟಿ ಸುತ್ತಿದ್ದರೂ ತೊಂದರೆಯಿಲ್ಲ. ಆದರೆ ನಡೆಯುವಾಗ ಕಾಲಿಗೆ ತೊಡರದ ಹಾಗೆ ಎತ್ತಿ ಕಟ್ಟಿ.

ಹೊಸ ಬಟ್ಟೆ ಕೊಳ್ಳಲು ಹೋಗಬೇಡಿ. ಒಗೆದು ಒಗೆದು ಮೆತ್ತಗಾದದ್ದು ಬೇಕು. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಹಳೆಯ ಹತ್ತಿ ಸೀರೆ ಒಂದಿದ್ದರೆ ಅದು ಹೊದಿಕೆ, ಅದೇ ಪರದೆ, ಅದೇ ದಿಂಬಿನ ಮೇಲಿನ ಬಟ್ಟೆ. ಗಾಯದ ಮೇಲೆ ಮಾತ್ರ ಅದನ್ನು ಹಾಕಬೇಡಿ, ಅಲ್ಲಿಗೆ ಆಸ್ಪತ್ರೆಯ ಪಟ್ಟಿ ಒಂದೇ.

ಚಪ್ಪಲಿ ಹಳೆಯದಾಗಿರಲಿ, ಆದರೆ ಅಡಿ ಸವೆದಿರಬಾರದು. ಆಪರೇಷನ್ನಿನ ಮಾರನೆಯ ದಿನವೇ, ಕೆಲವೊಮ್ಮೆ ಆವತ್ತು ಸಂಜೆಯೇ, ಎದ್ದು ನಡೆಯಿರಿ ಎನ್ನುತ್ತಾರೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಾರದು, ಎದೆಯಲ್ಲಿ ಕಫ ಕೂರಬಾರದು ಎಂದು. ಮಂಡಿ ಆಪರೇಷನ್ ಆದವರ ಪಾದ ಊದಿರುತ್ತದೆ, ಬಿಗಿಯಾದ ಚಪ್ಪಲಿ ಏರುವುದಿಲ್ಲ. ಹಿಂಬದಿಗೆ ಪಟ್ಟಿ ಇದ್ದು, ಹಿಗ್ಗಿಸಿ ಹಾಕುವಂಥದ್ದು ನೋಡಿ. ಸವೆದ ಹವಾಯಿ ಚಪ್ಪಲಿಯಲ್ಲಿ ಒದ್ದೆ ಬಚ್ಚಲಿಗೆ ಹೋದರೆ ಇನ್ನೊಂದು ಆಪರೇಷನ್ನಿಗೆ ತಯಾರಾಗಿ ಹೋದ ಹಾಗೆ.

ಬಟ್ಟೆ ಆಯಿತು, ಚಪ್ಪಲಿ ಆಯಿತು. ಇನ್ನು ಮುಂದಿನದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮನೆಯಲ್ಲಿ 70 ದಾಟಿದವರಿರುವ ಕೇಳುಗರು ದಯವಿಟ್ಟು ಕಿವಿಗೊಡಿ.

ನಮ್ಮ ಮಾವನವರಿಗೆ ಆಗ 82. ಅಂಗಳದಲ್ಲಿ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಬೆಲೆಬಾಳುವ ವಸ್ತು ತರಬೇಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಬೆಲೆಬಾಳುವ ವಸ್ತು ಎಂದರೆ ನಾನು ಅವರ ಕನ್ನಡಕ ಮತ್ತು ಕಿವಿಯ ಮಷಿನ್ನು ಎಂದು ತಿಳಿದೆ. ಎರಡನ್ನೂ ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೆಯ ರಾತ್ರಿ ಮಾವನವರು ಎದ್ದು ಕೂತರು.

"ತಂಗೀ, ಮಳೆ ಬಂತು. ಅಡಿಕೆ ಒಳಗೆ ತೆಗೀರಿ."

ಮಳೆ ಇರಲಿಲ್ಲ, ಏಪ್ರಿಲ್ ತಿಂಗಳು. ಫ್ಯಾನು ಗರಗರ ಎನ್ನುತ್ತಿತ್ತು. ಕಿಟಕಿಯ ಹಸಿರು ಪರದೆ ಗಾಳಿಗೆ ಅಲ್ಲಾಡುತ್ತಿತ್ತು. ಕನ್ನಡಕವಿಲ್ಲದ ಕಣ್ಣಿಗೆ ಅದು ತೋಟವಾಗಿತ್ತು. ಮಷಿನ್ನಿಲ್ಲದ ಕಿವಿಗೆ ಆ ಗರಗರ ಮಳೆಯಾಗಿತ್ತು. ನಾನು ಹೇಳಿದ್ದು ಅವರಿಗೆ ಕೇಳುತ್ತಿರಲಿಲ್ಲ. ಜೋರಾಗಿ ಹೇಳಿದರೆ ಬೈಯುತ್ತಿದ್ದೇನೆ ಎಂದುಕೊಂಡರು. ಸಲೈನ್ ಕೀಳಲು ಹೋದರು. ಕೊಟ್ಟಿಗೆಯ ಬಾಗಿಲು ಹಾಕಿದ್ದೀರಾ ಎಂದು ವಾರ್ಡಿನ ಹುಡುಗನನ್ನು ಗದರಿಸಿದರು. ಜೀವನದಲ್ಲಿ ಒಬ್ಬರೊಡನೆಯೂ ಏರುದನಿಯಲ್ಲಿ ಮಾತಾಡದ ಮನುಷ್ಯ. ಬುದ್ಧಿ ಕೆಟ್ಟಿತು ಎಂದು ನಾನು ಕಾರಿಡಾರಿಗೆ ಹೋಗಿ ಅತ್ತುಬಿಟ್ಟೆ.

ರಾತ್ರಿ ಪಾಳಿಯ ನರ್ಸು ಕೇಳಿದ ಮೊದಲ ಪ್ರಶ್ನೆ, "ಅಜ್ಜರ ಕನ್ನಡಕ ಎಲ್ಲಿ?"

ಆಪರೇಷನ್ ಆದ ವಯಸ್ಸಾದವರಲ್ಲಿ ಹೀಗೆ ಆಗುವುದು ಅಪರೂಪವಲ್ಲ. ಡಾಕ್ಟರುಗಳು ಇದನ್ನು ಡೆಲಿರಿಯಂ ಎನ್ನುತ್ತಾರೆ. ಅರಿವಳಿಕೆ, ನೋವು, ನಿದ್ದೆಗೇಡು, ಸೋಂಕು, ಔಷಧಿ, ಯಾವುದರಿಂದ ಬೇಕಾದರೂ ಬರಬಹುದು. ಅದಕ್ಕೇ ಕೂಡಲೇ ಡಾಕ್ಟರಿಗೆ ತಿಳಿಸಬೇಕು, ಮನೆಯ ವಿಷಯ ಎಂದು ಮುಚ್ಚಿಡಬಾರದು. ಕಣ್ಣು ಕಾಣದೆ, ಕಿವಿ ಕೇಳದೆ, ಹೊತ್ತು ಗೊತ್ತು ತಿಳಿಯದೆ ಇದ್ದರೆ ಅದು ಹೆಚ್ಚುತ್ತದೆ. ಮರುದಿನ ಬೆಳಗಿನ ಬಸ್ಸಿಗೆ ಮೈದುನ ಕನ್ನಡಕ, ಮಷಿನ್ನು ಎರಡನ್ನೂ ತಂದ. ಜೊತೆಗೆ, ಯಾರು ಹೇಳಿದರೋ, ಮಾವನವರ ತಲೆದಿಂಬಿನ ಬಳಿ ಇರುತ್ತಿದ್ದ ಪುಟ್ಟ ರೇಡಿಯೊವನ್ನೂ ತಂದ.

ಆಕಾಶವಾಣಿಯಲ್ಲಿ ಕೂತು ರೇಡಿಯೊವನ್ನು ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಡೆದದ್ದು ಹೇಳುತ್ತೇನೆ. ಮಾವನವರಿಗೆ ಬೆಳಗು ಎಂದರೆ ಪ್ರದೇಶ ಸಮಾಚಾರ. ವಾರ್ಡಿನಲ್ಲಿ ರಾತ್ರಿಯೂ ದೀಪ, ಹಗಲೂ ದೀಪ. ಅವರಿಗೆ ದಿನ ಎಲ್ಲಿ ಶುರುವಾಗುತ್ತದೆ ಎಂಬುದೇ ಕಳೆದುಹೋಗಿತ್ತು. ಅದರ ಮರುದಿನ ಬೆಳಿಗ್ಗೆ ಸಣ್ಣ ದನಿಯಲ್ಲಿ ವಾರ್ತೆ ಹಚ್ಚಿ ಕಿವಿಯ ಹತ್ತಿರ ಹಿಡಿದೆ. ಪೂರ್ತಿ ಕೇಳಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿ, "ಕಾಫಿ ಇನ್ನೂ ಬಂದಿಲ್ವಾ?" ಎಂದರು. ಇನ್ನೂ ಎರಡು ರಾತ್ರಿ ಅಲ್ಪಸ್ವಲ್ಪ ಗೊಂದಲ ಇತ್ತು, ನಿಜ. ಆಮೇಲೆ ಹೋಯಿತು.

ಹಾಗಾಗಿ ವಯಸ್ಸಾದವರ ಚೀಲಕ್ಕೆ ಕನ್ನಡಕ, ಕಿವಿಯ ಮಷಿನ್ನು, ಅದರ ಬ್ಯಾಟರಿ, ದೊಡ್ಡ ಅಂಕಿಯ ಗಡಿಯಾರ, ಗೋಡೆಯಿಂದ ತೆಗೆದ ಪಂಚಾಂಗದ ಕ್ಯಾಲೆಂಡರು. ದಿನಾ ಹರಿಯುವಂಥದ್ದಾದರೆ ಅವರಿಂದಲೇ ಹಾಳೆ ಹರಿಸಿ.

ಹಲ್ಲಿನ ಸೆಟ್ಟನ್ನು ಮರೆಯಬಾರದು. ಆಪರೇಷನ್ನಿಗೆ ಮೊದಲು ಅದನ್ನು ತೆಗೆಸುತ್ತಾರೆ, ಪ್ರಜ್ಞೆಯಿಲ್ಲದಾಗ ಗಂಟಲಿಗೆ ಜಾರಬಾರದಲ್ಲ. ತೆಗೆದ ಸೆಟ್ಟು ಎಲ್ಲಿಗೆ ಹೋಗುತ್ತದೆ? ನಮ್ಮಮ್ಮನದು ಒಂದು ಪೇಪರ್ ಕರವಸ್ತ್ರದಲ್ಲಿ ಸುತ್ತಿಕೊಂಡು ಲಾಕರಿನ ಮೇಲೆ ಕೂತಿತ್ತು. ಪಕ್ಕದಲ್ಲಿ ಬ್ರೆಡ್ಡಿನ ಕವರು, ಮೂಸಂಬಿ ಸಿಪ್ಪೆ. ಗುಡಿಸುವಾಕೆ ಬಂದು ಎಲ್ಲ ಬಾಚಿಕೊಂಡು ಹೋದಳು. ಅವಳದೇನೂ ತಪ್ಪಿಲ್ಲ. ಹಲ್ಲು ಕಾಗದದಲ್ಲಿರುತ್ತದೆ ಎಂದು ಯಾರು ಎಣಿಸುತ್ತಾರೆ? ಹದಿನೈದು ದಿನ ಅಮ್ಮ ಗಂಜಿ, ಬಾಳೆಹಣ್ಣಿನಲ್ಲೇ ಕಳೆದರು. ಮುಚ್ಚಳ ಇರುವ ಡಬ್ಬಿ ಒಂದು ತನ್ನಿ. ಮೇಲೆ ಬಿಳಿ ಪಟ್ಟಿ ಅಂಟಿಸಿ ದಪ್ಪ ಅಕ್ಷರದಲ್ಲಿ ಹೆಸರು, ಮಂಚದ ನಂಬರು, ಕೆಳಗೆ "ಹಲ್ಲು" ಎಂದು ಬರೆಯಿರಿ. ನಾಚಿಕೆ ಬೇಡ.

ಕಾಗದ, ಬಟ್ಟೆ, ಕಣ್ಣು, ಕಿವಿ, ಹಲ್ಲು ಆಯಿತು. ಈಗ ಹೊಟ್ಟೆಗೆ ಬರೋಣ. ನಮ್ಮ ಜನಕ್ಕೆ ಚೀಲ ಎಂದರೆ ತಿಂಡಿ. ಆದರೆ ರೋಗಿಗೆ ಮೊದಲ ಎರಡು ದಿನ ತಿಂಡಿಯ ಚೀಲದಿಂದ ಆಗಬೇಕಾದದ್ದು ತೀರ ಕಡಿಮೆ.

ಆಪರೇಷನ್ನಿಗೆ ಮೊದಲು ಸಾಮಾನ್ಯವಾಗಿ 6 ಗಂಟೆ ಊಟ ತಿಂಡಿ ಇಲ್ಲ, 2 ಗಂಟೆ ನೀರೂ ಇಲ್ಲ. ನಿಮ್ಮ ಡಾಕ್ಟರು ಇನ್ನೂ ಹೆಚ್ಚು ಹೇಳಿದರೆ ಅವರ ಮಾತೇ ಮಾತು. ಪಾಪ ಹಸಿದಿದ್ದಾರೆ ಎಂದು ಗುಟ್ಟಾಗಿ ಕಾಫಿ ಕುಡಿಸಬೇಡಿ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಕುತ್ತು. ಆಪರೇಷನ್ ಆದ ಮೇಲೂ ಡಾಕ್ಟರು ಹೂಂ ಅನ್ನಬೇಕು. ಹೊಟ್ಟೆಯ ಆಪರೇಷನ್ ಆದವರನ್ನು ಅವರು ಬೆಳಿಗ್ಗೆ ಬಂದು ಕೇಳುವುದು ಒಂದೇ ಪ್ರಶ್ನೆ, "ಗ್ಯಾಸ್ ಹೋಯ್ತಾ?" ಇಡೀ ವಾರ್ಡಿಗೆ ಕೇಳುವ ಹಾಗೆ. ಮನೆಯಲ್ಲಿ ಆ ಶಬ್ದವನ್ನೇ ಎತ್ತದ ನಮ್ಮ ಅತ್ತಿಗೆ ಮೂರನೆಯ ದಿನ, "ಹೋಯ್ತು ಡಾಕ್ಟ್ರೇ" ಎಂದು ಪರೀಕ್ಷೆ ಪಾಸಾದವರ ಹಾಗೆ ಹೇಳಿದರು. ಕರುಳು ಕೆಲಸಕ್ಕೆ ಮರಳಿದೆ ಎಂಬುದಕ್ಕೆ ಅದು ಸೂಚನೆ.

ಹಾಗಾದರೆ ಬುಟ್ಟಿಯಲ್ಲಿ ಏನಿರಬೇಕು? ಎರಡು ಫ್ಲಾಸ್ಕು, ಒಂದು ಬಿಸಿನೀರಿಗೆ, ಒಂದು ಗಂಜಿಗೆ ಅಥವಾ ಕಾಫಿಗೆ. ಅಗಲ ಬಾಯಿಯ ಸ್ಟೀಲು ಲೋಟ, ತಟ್ಟೆ, ಎರಡು ಚಮಚ, ಸಣ್ಣ ಚಾಕು. ಪಾತ್ರೆ ತೊಳೆಯುವ ಸೋಪಿನ ತುಂಡು. ಮತ್ತೆ ಒಂದು ಒಳಲೆ.

ಒಳಲೆ ಎಂದರೆ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಅಂಗೈಯಲ್ಲಿ ಕೂರುವ ಪುಟ್ಟ ಬಟ್ಟಲು, ಒಂದು ಕಡೆ ದೋಣಿಯ ಮೂತಿಯ ಹಾಗೆ ಉದ್ದವಾದ ತೆರೆದ ಕೊಕ್ಕು. ಹಸುಗೂಸುಗಳಿಗೆ ಹಾಲು, ಔಷಧಿ ಕುಡಿಸುವುದಕ್ಕೆ. ನಮ್ಮ ಮನೆಯಲ್ಲಿರುವುದು ಬೆಳ್ಳಿಯದು. ನಮ್ಮವರೂ ಅವರ ಅಕ್ಕನೂ ಅದರಲ್ಲೇ ಹಾಲು ಕುಡಿದವರು. ಮಾವನವರಿಗೆ ಎದ್ದು ಲೋಟ ಎತ್ತಲು ಆಗುತ್ತಿರಲಿಲ್ಲ. ಲೋಟದಲ್ಲಿ ಕುಡಿಸಿದರೆ ಕುತ್ತಿಗೆಗೆಲ್ಲ ಚೆಲ್ಲುತ್ತಿತ್ತು. ಒಳಲೆಯ ಕೊಕ್ಕನ್ನು ತುಟಿಯ ಅಂಚಿಗೆ ತಾಗಿಸಿದರೆ ಒಂದು ಹನಿ ಆಚೀಚೆ ಆಗಲಿಲ್ಲ. ತನ್ನ ಮಕ್ಕಳಿಗೆ ಕುಡಿಸಿದ ಒಳಲೆಯಲ್ಲಿ ತಾನು ಕುಡಿಯುತ್ತಿದ್ದೇನೆ ಎಂದು ಮಾವನವರಿಗೆ ಗೊತ್ತಾಯಿತೋ ಇಲ್ಲವೋ. ನಾನು ಹೇಳಲಿಲ್ಲ. ಬೆಳ್ಳಿಯದೇ ಬೇಕೆಂದಿಲ್ಲ, ಸ್ಟೀಲಿನದು ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಅದೂ ಇಲ್ಲದಿದ್ದರೆ ಮಡಚುವ ಸ್ಟ್ರಾ. ಆದರೆ ನೆನಪಿಡಿ, ಪೂರ್ತಿ ಅಂಗಾತ ಮಲಗಿದವರ ಬಾಯಿಗೆ ಏನನ್ನೂ ಹಾಕಬಾರದು. ನರ್ಸನ್ನು ಕೇಳಿ, ಮಂಚದ ತಲೆಭಾಗ ಎತ್ತಿಸಿ, ಗುಟುಕು ಗುಟುಕಾಗಿ ಕೊಡಿ.

ಎಳನೀರು, ಹಣ್ಣಿನ ರಸ ಎಲ್ಲರಿಗೂ ಒಳ್ಳೆಯದು ಎಂದುಕೊಳ್ಳಬೇಡಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಎಳನೀರಿನ ಪೊಟ್ಯಾಸಿಯಂ ಆಗುವುದಿಲ್ಲ, ಸಕ್ಕರೆ ಕಾಯಿಲೆಯವರಿಗೆ ರಸ ಆಗುವುದಿಲ್ಲ. ನೋಡಲು ಬರುವ ನೆಂಟರು ತರುವ ಹಾರ್ಲಿಕ್ಸ್ ಬಾಟಲಿ, ಸೇಬು, ಬನ್ನು ಲಾಕರಿನ ಮೇಲೆ ಗುಡ್ಡೆಯಾಗುತ್ತವೆ. ಸಂಜೆಗೆ ಇರುವೆಯ ಸಾಲು ಮಂಚಕ್ಕೇ ಹತ್ತುತ್ತದೆ. ನೆಂಟರೇ, ಕೇಳುತ್ತಿದ್ದರೆ, ಮುಂದಿನ ಸಲ ಒಂದು ಡಬ್ಬಿ ಅನ್ನ ಸಾರು ತನ್ನಿ. ರೋಗಿಗಲ್ಲ, ಜೊತೆಗಿರುವವರಿಗೆ.

ಅಲ್ಲಿಗೆ ಬಂದೆವು ನೋಡಿ. ಇಷ್ಟು ಹೊತ್ತು ಮಂಚದ ಮೇಲಿರುವವರ ಸಾಮಾನು ಹೇಳಿದೆ. ಮಂಚದ ಕೆಳಗೆ ಮಲಗುವವರದು ಯಾರೂ ಕಟ್ಟುವುದಿಲ್ಲ.

ಆಸ್ಪತ್ರೆಯ ಭಾಷೆಯಲ್ಲಿ ಅವರ ಹೆಸರು ಅಟೆಂಡರ್. ನಮ್ಮ ಆಸ್ಪತ್ರೆಗಳು ಅರ್ಧ ನಡೆಯುವುದೇ ಅವರ ಮೇಲೆ. ಔಷಧಿ ತರುವುದು, ರಿಪೋರ್ಟು ತರುವುದು, ಸಲೈನ್ ಮುಗಿಯಿತು ಎಂದು ಕೂಗುವುದು, ಬೆಡ್‌ಪ್ಯಾನು ಇಡುವುದು. ರೋಗಿಗೆ ಮಂಚ ಇದೆ, ಅವರಿಗೆ ನೆಲ. ಮೊದಲ ಸಲ ನಾನು ಮಾವನವರಿಗೆ ಎರಡು ಕಂಬಳಿ ತಂದು, ನನಗೆ ಒಂದು ಚಾಪೆಯನ್ನೂ ತಂದಿರಲಿಲ್ಲ. ಮೊಸಾಯಿಕ್ ನೆಲ, ರಾತ್ರಿಯಿಡೀ ಫ್ಯಾನು. ಕೆಲವು ದಿನಗಳಲ್ಲಿ ನನಗೇ ಜ್ವರ ಬಂತು. ಜ್ವರ ಬಂದವಳು ಗಾಯ ಇರುವವರ ಹತ್ತಿರ ಇರುವ ಹಾಗಿಲ್ಲ. ಮೈದುನನ ಹೆಂಡತಿ ಪುಟ್ಟ ಮಗುವನ್ನು ಬಿಟ್ಟು ಓಡಿ ಬಂದಳು.

ಚಾಪೆ, ಅದರ ಮೇಲೆ ಜಮಖಾನ, ಒಂದು ದಪ್ಪ ಹೊದಿಕೆ, ಮೂರು ಜೊತೆ ಬಟ್ಟೆ, ಅವರ ಸ್ವಂತ ಬಿಪಿ ಮಾತ್ರೆ. ಹೌದು, ಅದನ್ನೇ ಎಲ್ಲರೂ ಮರೆಯುವುದು. ಉದ್ದ ವೈರಿನ ಚಾರ್ಜರು. ಏಕೆಂದರೆ ಪ್ಲಗ್ಗು ಯಾವಾಗಲೂ ಮಂಚದ ಹಿಂದೆ, ಕೈಗೆಟುಕದ ಕಡೆ. ಒಂದು ನೋಟುಪುಸ್ತಕ, ಪೆನ್ನು. ಡಾಕ್ಟರು ರೌಂಡ್ಸಿಗೆ ಬಂದು ನಿಲ್ಲುವುದು ಎರಡು ನಿಮಿಷ, ಅವರು ಹೋದ ಮೇಲೆ ಕೇಳಬೇಕಾದದ್ದೆಲ್ಲ ನೆನಪಾಗುತ್ತದೆ. ರಾತ್ರಿಯೇ ಬರೆದಿಟ್ಟುಕೊಳ್ಳಿ. ಕೈ ತೊಳೆಯಲು ಸೋಪು, ಸೊಳ್ಳೆಗೆ ಮುಲಾಮು, ಹೊತ್ತಿಸುವ ಕಾಯಿಲ್ ಬೇಡ. ವಾರ್ಡಿನಲ್ಲಿ ಆಕ್ಸಿಜನ್ ಇರುತ್ತದೆ, ಅಲ್ಲಿ ಬೆಂಕಿ ಕಡ್ಡಿ ಗೀರಬಾರದು. ದೇವರ ಫೋಟೊ ಇರಲಿ, ಊದುಬತ್ತಿ, ದೀಪ ಬೇಡ. ಕೈಮುಗಿದರೆ ಸಾಕು, ದೇವರೇನೂ ತಪ್ಪು ತಿಳಿಯುವುದಿಲ್ಲ.

ಕೊಟ್ಟ ಸಮಯ ಮುಗಿಯುತ್ತ ಬಂತು. ಚೀಲ, ಕಾಗದ, ಬಟ್ಟೆ, ವಯಸ್ಸಾದವರ ಕಣ್ಣು ಕಿವಿ, ಬುಟ್ಟಿ, ಜೊತೆಗಿರುವವರು, ಇಷ್ಟೂ ಹೇಳಿದೆ. ಒಂದು ವಸ್ತು ಬಾಕಿ. ಆಸ್ಪತ್ರೆಯಲ್ಲಿ ಕೊಡುವುದು ದೊಡ್ಡ ದಿಂಬು. ನೀವು ಮನೆಯಿಂದ ಒಂದು ಪುಟ್ಟ ದಿಂಬು ತನ್ನಿ. ಮಗುವಿಗೆ ಇಡುವಷ್ಟು ದೊಡ್ಡದು.

ಹೊಟ್ಟೆಯ ಆಪರೇಷನ್ ಆದವರಿಗೆ ಕೆಮ್ಮು ಬಂದರೆ ಪ್ರಾಣ ಹೋದ ಹಾಗಾಗುತ್ತದೆ. ಕೆಮ್ಮದೆ ತಡೆದರೆ ಕಫ ನಿಲ್ಲುತ್ತದೆ. ಆಗ ಆ ದಿಂಬನ್ನು ಗಾಯದ ಮೇಲೆ ಎರಡೂ ಕೈಯಿಂದ ಮೆಲ್ಲಗೆ ಒತ್ತಿ ಹಿಡಿದು ಕೆಮ್ಮಬೇಕು. ಹೊಲಿಗೆಗೆ ಒಂದು ಆಸರೆ. ಇದನ್ನು ನಮಗೆ ಹೇಳಿಕೊಟ್ಟದ್ದು ಮಣಿಪಾಲದಲ್ಲಿ ಒಬ್ಬ ಫಿಸಿಯೋಥೆರಪಿಯ ಹುಡುಗಿ. ಅತ್ತಿಗೆಯ ಆಪರೇಷನ್ ಅಲ್ಲೇ ಆದದ್ದು.

ಏಳನೆಯ ದಿನ ಡಿಸ್ಚಾರ್ಜ್. ಡಿಸ್ಚಾರ್ಜ್ ಕಾಗದ ಹೆಗಲ ಚೀಲಕ್ಕೆ ಹೋಯಿತು. ಮಂಚದ ಹಿಂದಿನಿಂದ ಚಾರ್ಜರು ಕಿತ್ತುಕೊಂಡೆ. ಬಾಡಿಗೆ ಕಾರು. ನಮ್ಮ ಊರು ತೀರ್ಥಹಳ್ಳಿಯ ಕಡೆ, ಮಧ್ಯೆ ಆಗುಂಬೆ ಘಾಟಿ. ಹದಿನಾಲ್ಕು ತಿರುವು. ಘಾಟಿ ಹತ್ತುವ ಮೊದಲು ಸೋಮೇಶ್ವರದಲ್ಲಿ ಕಾರು ನಿಲ್ಲಿಸಿ, ಸೀಟ್ ಬೆಲ್ಟು ಮತ್ತು ಅತ್ತಿಗೆಯ ಹೊಟ್ಟೆಯ ನಡುವೆ ಆ ದಿಂಬನ್ನು ಇಟ್ಟೆ. ಡ್ರೈವರ್ ಹುಡುಗನಿಗೆ, "ನಿಧಾನಕ್ಕೆ ಹೋಗಪ್ಪ" ಎಂದೆ. ಅವನು ನಿಧಾನಕ್ಕೇ ಹೋದ. ಅತ್ತಿಗೆ ದಿಂಬನ್ನು ತಬ್ಬಿಕೊಂಡು, ಕಣ್ಣು ಮುಚ್ಚಿಕೊಂಡು, ಪ್ರತಿ ತಿರುವಿಗೂ ಎಣಿಸುತ್ತಿದ್ದರು. ಒಂದು. ಎರಡು. ಮೂರು. ಎಂಟನೆಯದರಲ್ಲಿ ಎದುರಿಗೆ ಬಸ್ಸು ಬಂದು ಕಾರು ಗಕ್ಕನೆ ನಿಂತಾಗ ಒಂದು ಸಲ ನರಳಿದರು. ಹದಿನಾಲ್ಕು ಎಂದ ಮೇಲೆ ಕಣ್ಣು ಬಿಟ್ಟರು. ಹೊರಗೆ ಮಂಜು.

"ಫ್ಲಾಸ್ಕಿನಲ್ಲಿ ಕಾಫಿ ಉಂಟಾ?" ಎಂದರು.

ಬುಟ್ಟಿಗೆ ಕೈ ಹಾಕಿದೆ. ಇತ್ತು.